ಸುಂಟರಗಾಳಿಯ ಮರುದಿನದ ಕಾರ್ಡು

ಅಷ್ಟು ನೀಲಿ ಆಕಾಶ ಹೋಲ್ಟ್‌ಬರ್ಗಿಗೆ ಎಂದೂ ಇರಲಿಲ್ಲ, ಲವೋನ್‌ಳ ಬೆರಳು ಹಳೇ ಅಂಚೆ ಕಾರ್ಡಿನ ಮೇಲೆಯೇ ನಿಂತಿತು, ಶಿಕಾಗೋದಲ್ಲಿ ಕೂತು ಬಣ್ಣ ಹಚ್ಚಿದವನು ಯಾರೋ, ಅಯೋವಾದ ಮುಖ ನೋಡಿರಲಿಕ್ಕಿಲ್ಲ, ಮೆಕ್ಕೆಜೋಳದ ಹೊಲದ ಧೂಳು ಮೇಲೆದ್ದರೆ ಆಕಾಶ ಹಾಲಿನ ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ ಎಂದು ಅವನಿಗೆ ಯಾರು ಹೇಳಬೇಕು, ಬ್ಯಾಂಕಿನ ಕೆಂಪು ಇಟ್ಟಿಗೆಗೆ ಹಳದಿ ಬಳಿದಿದ್ದಾನೆ, ಅಪ್ಪನ ಲಾರಿಯಂಥದೇ ಒಂದು ಲಾರಿಗೆ ಗುಲಾಬಿ — ಗುಲಾಬಿ ಲಾರಿ! ಅಪ್ಪ ಇದ್ದಿದ್ದರೆ ನಗುತ್ತಿದ್ದ, ಇಲ್ಲ, ಅಪ್ಪ ನಗುವುದು ಯಾವಾಗಲೋ ನಿಂತುಹೋಗಿತ್ತು. ಬೇರೆ ಊರಿನ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಸೀದ ಕಾಫಿಯ ವಾಸನೆ, ಹಿಮ ಕರಗಿದ ಉಣ್ಣೆ ಕೋಟುಗಳ ವಾಸನೆ, ಮೇಜುಗಳ ತುಂಬ ಮಾರಾಟಕ್ಕಿಟ್ಟ ಹಳೇ ಕಾರ್ಡುಗಳ ಡಬ್ಬಗಳು, ಜನ ಕೋಳಿ ಕೆದಕಿದ ಹಾಗೆ ಕೆದಕುತ್ತಿದ್ದಾರೆ, ಮೇಜಿನ ಆಚೆಯ ಮುದುಕ ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತ ಹೋಲ್ಟ್‌ಬರ್ಗಿಂದೇ ಒಂದು ಡಬ್ಬ ಇದೆ ನೋಡಿ ಅಮ್ಮಾ, ಊರೇ ಹೋಯ್ತಲ್ಲ, ಅದಕ್ಕೇ ಈಗ ಜನ ಕೇಳ್ಕೊಂಡು ಬರ್ತಾರೆ ಎನ್ನುತ್ತಾನೆ. ಹೌದು, ಊರು ಹೋಯಿತು, ಶಾಲೆ ಮುಚ್ಚಿತು, ರೈಲು ನಿಂತಿತು, ಧಾನ್ಯದ ಗೋಪುರವೊಂದು ಪಾರಿವಾಳಗಳಿಗಾಗಿ ನಿಂತಿದೆ. ಒಂದೊಂದೇ ಕಾರ್ಡು ಎತ್ತುತ್ತಾಳೆ, ಇದು ಊರಿನ ಲೂಥರನ್ ಚರ್ಚು, ಈ ಮೆಟ್ಟಿಲ ಮೇಲೆ ತಂಗಿ ಡಾರ್ಲಾ ಹೊಸ ಬಿಳಿ ಚಪ್ಪಲಿ ಕಳಚಿ ಎರಡೂ ಕೈಗೆ ಹಾಕಿಕೊಂಡು ನಾಲ್ಕು ಕಾಲಲ್ಲಿ ಹತ್ತಿದ್ದಳು, ಪಾದ್ರಿಗಳೂ ನಕ್ಕಿದ್ದರು, ಅಮ್ಮ ಮುಖ ಕೆಂಪಾಗಿಸಿಕೊಂಡು ಏಳೇ ಕೋತಿ ಅಂದಿದ್ದಳು, ಇದು ಕ್ಲೂವರನ ಔಷಧಿ ಅಂಗಡಿ, ಬಾಗಿಲ ಪಕ್ಕದಲ್ಲಿ ತಿರುಗಿಸುವ ತಂತಿಯ ಚೌಕಟ್ಟು, ಅದರ ತುಂಬ ಅವನೇ ತೆಗೆದ ಚಿತ್ರದ ಕಾರ್ಡುಗಳು, ಡಾರ್ಲಾ ಅದನ್ನು ಗಿರ್ರನೆ ತಿರುಗಿಸಿ ಬೈಸಿಕೊಳ್ಳುತ್ತಿದ್ದಳು, ಇದು ಕೆರೆಯ ದಂಡೆ, ಇದು ನೀರಿನ ಗೋಪುರ, ಇದು —

ಇದಕ್ಕೆ ಬಣ್ಣವಿಲ್ಲ. ಕಪ್ಪು, ಬಿಳಿ, ಕೆಳಗೆ ಬಿಳಿ ಅಕ್ಷರದಲ್ಲಿ ಸುಂಟರಗಾಳಿಯ ಮರುದಿನ ಎಂದಿದೆ, ಮನೆಯಿಲ್ಲದ ಅಂಗಳ, ಬುಡ ಮೇಲಾದ ಒಲೆ, ನಡುವೆ ಅಡುಗೆಮನೆಯ ಕುರ್ಚಿ, ಕುರ್ಚಿಯ ಮೇಲೆ ಅಮ್ಮ. ಎಲ್ಲವನ್ನೂ ಅಮ್ಮ ಸುಟ್ಟಿದ್ದಳಲ್ಲ? ಕ್ಲೂವರನ ಅಂಗಡಿಗೆ ನಡೆದು ಹೋಗಿ, ಚೌಕಟ್ಟಿನಲ್ಲಿದ್ದ ಅಷ್ಟನ್ನೂ ಕೊಂಡು, ಯಾರಿಗೆ ಕಳಿಸ್ತೀಯಾ ಹುಲ್ಡಾ ಇಷ್ಟೊಂದನ್ನ ಎಂದು ಅವನು ಕೇಳುತ್ತಿದ್ದಂತೆ ಹೊರಟು ಬಂದು, ಬಾಡಿಗೆ ಮನೆಯ ಒಲೆಗೆ ಹಾಕಿದ್ದಳು, ಲವೋನ್ ಬಾಗಿಲಲ್ಲಿ ನಿಂತು ನೋಡಿದ್ದಳು, ಅಮ್ಮನ ಮುಖದ ಮೇಲೆ ಅಮ್ಮನ ಮುಖ ಸುರುಳಿ ಸುತ್ತಿಕೊಂಡು ಉರಿಯುವುದನ್ನು, ಮುಂದಿನ ವಾರ ಚೌಕಟ್ಟು ಮತ್ತೆ ತುಂಬಿತ್ತು, ನಂಟರು ನಂಟರಿಗೆ ಕಳಿಸಿದರು, ನಾವೆಲ್ಲ ಚೆನ್ನಾಗಿದ್ದೇವೆ, ಪಾಪ ಹುಲ್ಡಾಳ ಮನೆ ಹೋಯಿತು ಎಂದು ಹಿಂದೆ ಬರೆದು. ಸುಂಟರಗಾಳಿ ಬಂದ ಆ ಮಧ್ಯಾಹ್ನ ಮೊದಲು ಗಾಳಿಯೇ ಇರಲಿಲ್ಲ, ಒಗೆದ ಹಾಸು ತಂತಿಯ ಮೇಲೆ ಹಲಗೆಯ ಹಾಗೆ ತೂಗಿತ್ತು, ಕೋಳಿಗಳು ಹಗಲಲ್ಲೇ ಗೂಡು ಸೇರಿದವು, ಬೆಳಕು ಹಸಿರಾಗುತ್ತಿದೆ, ಹಳೇ ಸೀಸೆಯೊಳಗಿಂದ ನೋಡಿದಂಥ ಹಸಿರು, ಅಪ್ಪ ದೂರದ ಹೊಲದಲ್ಲಿದ್ದಾನೆ, ಊರ ಕಡೆಯಿಂದ ಬೆಂಕಿ ಆರಿಸುವವರ ಎಚ್ಚರಿಕೆಯ ಶಿಳ್ಳೆ, ಅಮ್ಮ ಎರಡು ಕೈಯಲ್ಲಿ ಇಬ್ಬರನ್ನೂ ಹಿಡಿದು ಓಡುತ್ತಿದ್ದಾಳೆ, ಹಿಟ್ಟು ಮೆತ್ತಿದ ಕೈ, ಅಂಗಳ ದಾಟಿ, ಬಿರುಗಾಳಿಗೆ ಅಡಗುವ ನೆಲಮಾಳಿಗೆಯ ಓರೆ ಬಾಗಿಲಿನ ತನಕ, ಆ ಬಾಗಿಲು ಓಕ್ ಮರದ್ದು, ಅಪ್ಪನಿಗೇ ಎತ್ತಲು ಭಾರ. ಎತ್ತಬೇಕೆಂದರೆ ಒಂದು ಕೈ ಬೇಕು. ಡಾರ್ಲಾ, ನನ್ನ ಲಂಗ ಹಿಡ್ಕೋ, ಗಟ್ಟಿಯಾಗಿ ಹಿಡ್ಕೋ ಪುಟ್ಟಿ, ಬಿಡಬೇಡ. ಅಷ್ಟೇ. ಬಾಗಿಲು ಎದ್ದಿತು, ಲವೋನ್ ಒಳಗೆ ಬಿದ್ದಳು, ಅಮ್ಮ ತಿರುಗಿದಳು, ಲಂಗದ ಹಿಂದೆ ಯಾರೂ ಇರಲಿಲ್ಲ, ಕಿರುಚಿದ್ದೂ ಕೇಳಿಸಲಿಲ್ಲ, ಅಷ್ಟು ಸದ್ದಿನಲ್ಲಿ ಯಾರ ಕಿರುಚು ಯಾರಿಗೆ ಕೇಳಿಸಬೇಕು. ಸಂಜೆ ಅಪ್ಪ ಓಟ್ಸ್ ಹೊಲದಿಂದ ಡಾರ್ಲಾಳನ್ನು ಎತ್ತಿಕೊಂಡು ಬಂದ, ತನ್ನ ಅಂಗಿ ಬಿಚ್ಚಿ ಸುತ್ತಿದ್ದ, ಹಾಗಾಗಿ ಲವೋನ್‌ಗೆ ಕಂಡದ್ದು ಅಪ್ಪನ ಬರಿಯ ಬೆನ್ನು, ಬಿಸಿಲು ಕಾಣದ ಬಿಳಿ ಬೆನ್ನು, ಅದರ ಮೇಲೆ ಅಂಟಿದ ಹೊಟ್ಟು.

ಒಳ್ಳೇದನ್ನೇ ಆರಿಸಿದ್ರಿ, ಅಪರೂಪದ್ದು ಅದು ಎನ್ನುತ್ತಿದ್ದಾನೆ ಮುದುಕ, ಪಕ್ಕದಲ್ಲಿ ಕಿವಿಮುಚ್ಚುವ ಟೋಪಿ ಹಾಕಿದವನೊಬ್ಬ ಕತ್ತು ಚಾಚಿದ್ದಾನೆ, ಅವನು ಅನಾಹುತದ ಕಾರ್ಡುಗಳನ್ನೇ ಕೂಡಿಡುವವನಂತೆ, ನೆರೆ, ಬೆಂಕಿ, ರೈಲು ಅಪಘಾತ, ಎಲ್ಲ ಇದೆ ನನ್ನ ಹತ್ರ, ಈ ಕುರ್ಚಿ ಹೆಂಗಸು ಮಾತ್ರ ಇರಲಿಲ್ಲ, ಏನು ಠೀವಿಯಾಗಿ ಕೂತಿದಾಳೆ ನೋಡಿ, ಫೋಟೋಕ್ಕೇ ಅಂತ ಕೂತ ಹಾಗೆ. ಫೋಟೋಕ್ಕೇ ಅಂತ! ಬೆಳಿಗ್ಗೆ ಕ್ಲೂವರ್ ಮೂರು ಕಾಲಿನ ಪೆಟ್ಟಿಗೆ ಹೊತ್ತು ಬಂದಾಗ ಅಮ್ಮ ಹಿಂದಿನ ಸಂಜೆಯಿಂದ ಅಲ್ಲೇ ಇದ್ದಳು, ಯಾರೋ ಹೊದೆಸಿದ ಕಂಬಳಿ ಜಾರಿಬಿದ್ದಿತ್ತು, ಹುಲ್ಡಾ ಸ್ವಲ್ಪ ಈ ಕಡೆ ನೋಡಮ್ಮಾ ಅಂದ, ಅವಳು ನೋಡಿದಳು. ಮತ್ತೆ ಈ ಅಂಚಲ್ಲಿ ಗೊಂಬೆ ಕೈ ನೋಡಿ, ಟೋಪಿಯವನು ಉಗುರಿನಿಂದ ತೋರಿಸುತ್ತಾನೆ, ಮಗು ಗೊಂಬೆ ಇರಬೇಕು, ಬಿಡದೇ ಹಿಡ್ಕೊಂಡಿದಾಳೆ, ಪಾಪ. ಕಾರ್ಡಿನ ಎಡ ಅಂಚಿನಲ್ಲಿ, ಕಾಗದ ಮುಗಿಯುವಲ್ಲಿ, ಸಣ್ಣದೊಂದು ಕೈ, ಹಸ್ತ, ಮಣಿಕಟ್ಟು, ಅಷ್ಟೇ, ಮಿಕ್ಕದ್ದನ್ನು ಕ್ಲೂವರ್ ಕತ್ತರಿಸಿದ್ದ — ಗೊಂಬೆಯಲ್ಲ ಅದು, ನಂದು, ಎಂದಳು ಲವೋನ್, ಅವಳು ನಮ್ಮಮ್ಮ. ಮುದುಕ ಕಿವಿಯ ಯಂತ್ರಕ್ಕೆ ಕೈ ಹಾಕಿದ. ಆಮೇಲೆ ಟೋಪಿಯವನ ಕಣ್ಣು ಅರಳಿತು, ದೇವ್ರೇ, ನಿಜವಾಗ್ಲೂ? ಹಂಗಾದ್ರೆ ಅಮ್ಮಾ, ನಾನು ಕೊಂಡ್ಕೊಂಡ್ರೆ ಹಿಂದುಗಡೆ ನಿಮ್ಮದೊಂದು ಸಹಿ ಹಾಕಿಕೊಡ್ತೀರಾ? ಹೆಸರಿದ್ರೆ ಅದರ ಕಥೆನೇ ಬೇರೆ. ಅವನು ಕೆಟ್ಟವನಲ್ಲ, ಮೀಸೆಯಲ್ಲಿ ಬಿಸ್ಕತ್ತಿನ ಪುಡಿ, ಯಾರದೋ ಮನೆಯ ಅಜ್ಜ. ಇಲ್ಲ, ಎಂದಳು, ಇದನ್ನ ನಾನು ತಗೋತೀನಿ. ಮುದುಕ ನೋಟು ಮುಟ್ಟಲಿಲ್ಲ, ಹಂಗೇ ತಗೊಂಡು ಹೋಗಿ ತಾಯಿ ಎಂದ, ಅವಳು ನೋಟನ್ನು ಮೇಜಿನ ಮೇಲೇ ಬಿಟ್ಟು ಬಂದಳು.

ಕಾರಿನೊಳಗೆ ಉಸಿರು ಗಾಜಿಗೆ ಮಂಜಾಗುತ್ತಿದೆ, ಹರಿದುಬಿಡಬೇಕು, ಅಮ್ಮ ಶುರುಮಾಡಿದ್ದನ್ನು ಮುಗಿಸಬೇಕು ಎಂದೇ ತಂದದ್ದು, ಎರಡೂ ಹೆಬ್ಬೆರಳು ಅಂಚಿನ ಮೇಲಿವೆ, ಆದರೆ ಎಡ್ನಾ ಅತ್ತೆಯ ದನಿ, ಡಾರ್ಲಾಳನ್ನು ಮಣ್ಣು ಮಾಡಿದ ದಿನ ಚರ್ಚಿನ ಅಡುಗೆಕೋಣೆಯಲ್ಲಿ ಆಲೂಗಡ್ಡೆ ಬಡಿಸುತ್ತ, ಅಲ್ಲ, ದೊಡ್ಡೋಳ ಕೈ ಬಿಟ್ಟಿದ್ರೆ ಅವಳು ಹೆಂಗೋ ನಿಂತ್ಕೋತಿದ್ಲು, ಚಿಕ್ಕದ್ದನ್ನ ಬಿಟ್ಲಲ್ಲ ಹುಲ್ಡಾ — ಬಾಗಿಲ ಈಚೆ ಲವೋನ್ ಕೇಳಿದ್ದಳು, ಲವೋನ್‌ಳ ಪಕ್ಕದಲ್ಲಿ ಅಮ್ಮ ಕೇಳಿದ್ದಳು, ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಅವತ್ತಿನಿಂದ ಅಮ್ಮ ಸಾಯುವ ತನಕ ನೋಡಲಿಲ್ಲ, ಊಟಕ್ಕೆ ಕರೆದಳು, ಜಡೆ ಹೆಣೆದಳು, ಮದುವೆಯ ಬಟ್ಟೆ ಹೊಲಿದಳು, ಮುಖ ಮಾತ್ರ ನೋಡಲಿಲ್ಲ, ನನ್ನನ್ನು ಬಿಡಬೇಕಿತ್ತು ಅಂತ ಅವಳಿಗೂ ಅನಿಸಿತ್ತು ಎಂದೇ ಲವೋನ್ ಇಷ್ಟು ವರ್ಷ ನಂಬಿ ಬದುಕಿದಳು, ಮತ್ತೇನು ನಂಬಬೇಕು. ಆ ಬೆಳಿಗ್ಗೆಯದು ಅವಳಿಗೆ ಬೇರೆಯವರು ಹೇಳಿ ಗೊತ್ತು ಅಷ್ಟೇ, ಸ್ವಂತ ನೆನಪೇ ಇಲ್ಲ, ಕುರ್ಚಿಯ ಪಕ್ಕದಲ್ಲಿ ತಾನಿದ್ದದ್ದು ಕೂಡ, ನೆನಪಿರುವುದು ಎಡ್ನಾ ಅತ್ತೆ ಬಾಗಿ ಒಂದೊಂದೇ ಬೆರಳು ಬಿಡಿಸಿದ್ದು, ಹುಲ್ಡಾ, ಬಿಡೇ, ಮಗು ಕೈ ನೀಲಿಯಾಗ್ತಿದೆ, ಬಿಡೇ ಅಂದದ್ದು, ಕೈಗೆ ರಕ್ತ ಮರಳಿ ಬಂದಾಗ ಚುಚ್ಚಿದ್ದು. ಕಾರ್ಡನ್ನು ಕಣ್ಣಿನ ಹತ್ತಿರ ತರುತ್ತಾಳೆ, ಅಮ್ಮನ ಮುಖ ಚುಕ್ಕೆಗಳಾಗಿ ಒಡೆಯುತ್ತದೆ, ಕೆಳಗೆ ಅಮ್ಮನ ಬೆರಳುಗಳು, ಗೆಣ್ಣುಗಳು ಬೆಳ್ಳಗೆ, ಉಗುರಿನ ಸುತ್ತ ಇನ್ನೂ ಹಿಟ್ಟು, ತನ್ನ ಸಣ್ಣ ಮಣಿಕಟ್ಟಿನ ಮಾಂಸದೊಳಗೆ ಇಳಿದ ಬೆರಳುಗಳು, ಅದರಾಚೆ ಕಾಗದವಿಲ್ಲ — ಬೆರಳುಗಳು, ಮಣಿಕಟ್ಟು, ಬೆಳ್ಳಗಿನ ಗೆಣ್ಣು, ಬೆರಳುಗಳು