ನೀರುನಾಯಿ ಮರಿಯ ಭಾನುವಾರ

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಪಕ್ಕದಲ್ಲಿ ಗಂಗಿ. ಅವಳು ಒಂದನ್ನು ಬಟ್ಟಲಿಗೆ ಹಿತುಕಿದರೆ ಎರಡನ್ನು ನನ್ನ ಮುಖಕ್ಕೆ ಹಾರಿಸುತ್ತಿದ್ದಳು. ಅಷ್ಟರಲ್ಲಿ ಮರಿಯಮ್ಮ ಟೀಚರ್ ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ, "ಕೃಷ್ಣಮ್ಮ, ಏಳಿ. ಯಾವ್ಯಾವ ಸಿನಿಮಾ ಅಂತ ಇವತ್ತು ಮಧ್ಯಾಹ್ನದೊಳಗೆ ಸಂಘದೋರಿಗೆ ಹೇಳ್ಬಿಡ್ಬೇಕಂತೆ" ಎಂದರು.

"ಕಾಳು ಇನ್ನೂ ಅರ್ಧ ಇದೆ ಟೀಚರ್."

"ಆಮೇಲೆ ನಾನೂ ಬಂದು ಹಿತುಕ್ತೀನಿ. ಸಂಘದ ಹಾಲ್‌ನ ಮದುವೆಗಳಿಗೆ ಕೇಳ್ತಿದಾರಂತೆ. ಈಗ ನಾವು ಭಾನುವಾರಗಳನ್ನ ಹಿಡ್ಕೊಳ್ಳಿಲ್ಲ ಅಂದ್ರೆ ಯುಗಾದಿವರ್ಗೂ ಮಕ್ಳಿಗೆ ಏನೂ ಇಲ್ಲ." ಆಮೇಲೆ ಗಂಗಿಯ ತಲೆ ಸವರಿ, "ಮೊದಲ್ನೇದನ್ನ ನಾನೇ ಗೊತ್ತು ಮಾಡ್ಬಿಟ್ಟಿದೀನಿ. ನೀರುನಾಯಿ ಮರೀದು" ಎಂದರು.

ನನ್ನ ಬೆರಳ ನಡುವಿನ ಕಾಳು ಹಾಗೆಯೇ ಉಳಿಯಿತು.

ಪೀಣ್ಯದ ಕಾರ್ಖಾನೆಯೊಂದಕ್ಕೆ ಮಿಷನ್ ಕೂರಿಸಲು ಬಂದಿದ್ದ ಜಪಾನಿನ ಇಂಜಿನಿಯರು ಊರಿಗೆ ಹೊರಡುವಾಗ ಟೀವಿ, ವಿಡಿಯೋ ಪ್ಲೇಯರು ಮತ್ತು ತಮ್ಮ ಮಕ್ಕಳ ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆಯನ್ನು ಕಾರ್ಮಿಕರ ಸಂಘಕ್ಕೆ ಕೊಟ್ಟುಹೋಗಿದ್ದರು. ಅದು ಎಂಬತ್ತೈದರ ಮಳೆಗಾಲ. ಎಲ್ಲವೂ ಕೈಯಲ್ಲಿ ಬರೆದ ಚಿತ್ರಗಳು ಜೀವ ಬಂದಂತೆ ಓಡಾಡುವ ಸಿನಿಮಾಗಳು. ಸಂಘದ ಹಾಲಿನಲ್ಲಿ ಭಾನುವಾರಗಳಂದು ಅವನ್ನು ತೋರಿಸುವುದಕ್ಕೆ ನಮ್ಮ ಬಾಗಲಗುಂಟೆಯ ಮಕ್ಕಳು ಜಪಾನ್ ಬೊಂಬೆ ಕ್ಲಬ್ ಎಂದು ಹೆಸರಿಟ್ಟರು. ಅದನ್ನು ನಡೆಸುವ ಹೊಣೆಯನ್ನು ಶಿಶುವಿಹಾರದ ಮರಿಯಮ್ಮ ಟೀಚರ್ ಹೊತ್ತರು. ಭಾಷೆ ಮಾತ್ರ ಯಾರಿಗೂ ಬಾರದು. ಹಾಗಾಗಿ ಟೀವಿಯ ಸದ್ದು ಸಣ್ಣಗೆ ಮಾಡಿ, ಪಕ್ಕದಲ್ಲಿ ಕೂತು, ಮೈಕು ಹಿಡಿದು ಕನ್ನಡದಲ್ಲಿ ಕತೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೊಂಬೆಯ ಬಾಯಿ ಅಲ್ಲಾಡಿದಾಗೆಲ್ಲ ಅದರ ಮುಖ ನೋಡಿ ನಾನೇ ಮಾತು ಕೊಡಬೇಕು. ತಪ್ಪಾಯಿತು ಎನ್ನುವವರು ಇಲ್ಲದ ಕಾರಣ ನನಗೆ ಅದರಲ್ಲಿ ಭಯವಿರಲಿಲ್ಲ.

ನೀರುನಾಯಿ ಮರಿಯ ಕ್ಯಾಸೆಟ್ಟನ್ನು ಹೋದ ವಾರವಷ್ಟೇ ಟೀಚರ್, ನಾನು, ಪ್ಲೇಯರ್ ನೋಡಿಕೊಳ್ಳುವ ಆಂಜಿನಪ್ಪ, ಮೂವರೂ ಕೂತು, ನಾನು ಕತೆ ಹೇಳುತ್ತಾ, ನೋಡಿದ್ದೆವು. ಪ್ರವಾಹದಲ್ಲಿ ತೇಲಿಬಂದ ಮರಿಯನ್ನು ಒಂದು ಕೊಕ್ಕರೆ ಸಾಕುತ್ತದೆ. ತನ್ನ ಬಾಯಿಯ ಮೀನು ಕೊಡುತ್ತದೆ, ಚಳಿಗೆ ರೆಕ್ಕೆ ಮುಚ್ಚುತ್ತದೆ. ಕೊನೆಗೆ ಒಂದು ದಿನ ಹೊಳೆಯಿಂದ ದೊಡ್ಡ ನೀರುನಾಯಿ ಎದ್ದು ಬರುತ್ತದೆ. ಮರಿಯ ಕತ್ತಿನಲ್ಲಿರುವ ಬಿಳಿ ಮಚ್ಚೆ ಅದರ ಕತ್ತಿನಲ್ಲೂ ಇದೆ.

ಗಂಗಿಯನ್ನು ಹೆತ್ತವಳು ನಾನಲ್ಲ. ಆನೇಕಲ್ಲಿಗೆ ಕೊಟ್ಟಿರುವ ನನ್ನ ತಂಗಿ ಭಾಗ್ಯಮ್ಮ. ನನಗೆ ಮಕ್ಕಳಾಗುವುದಿಲ್ಲ ಎಂದು ಗೊತ್ತಾಗಿ ನಾನು ಯಾರ ಮನೆಯ ತೊಟ್ಟಿಲಿಗೂ ಹೋಗದೆ ಇದ್ದ ಕಾಲದಲ್ಲಿ ಅವಳಿಗೆ ಮೂರನೆಯ ಹೆರಿಗೆಯಾಯಿತು. ಬಾಣಂತಿ ಕೋಣೆಯಿಂದಲೇ ಎತ್ತಿ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಊರಿನ ಹಳೆಯ ಮನೆಗಳಿಗೆಲ್ಲ ಇದು ಗೊತ್ತು. ಬಾಡಿಗೆಗೆ ಬಂದವರಿಗೆ, ಟೀಚರಿಗೆ, ಗೊತ್ತಿಲ್ಲ. ಗಂಗಿಗೂ ಗೊತ್ತಿಲ್ಲ. ಸ್ಕೂಲಿಗೆ ಸೇರಲಿ ಆಮೇಲೆ ಹೇಳೋಣ, ದಡಾರ ವಾಸಿಯಾಗಲಿ ಆಮೇಲೆ ಹೇಳೋಣ ಎಂದುಕೊಳ್ಳುತ್ತಲೇ ಅವಳಿಗೆ ಒಂಬತ್ತು ತುಂಬಿತ್ತು.

ಈಚೆಗೆ ಅವಳು "ಅಮ್ಮಾ" ಎಂದು ಕರೆದು, ನಾನು ತಿರುಗಿದ ಮೇಲೆ ನನ್ನನ್ನೇ ನೋಡಿ, "ಏನಿಲ್ಲ, ನೀರು ಕೊಡು" ಎನ್ನುತ್ತಿದ್ದಳು. ಕೊಟ್ಟ ನೀರನ್ನು ಕುಡಿಯುತ್ತಲೂ ಇರಲಿಲ್ಲ. ದಸರೆಗೆ ಭಾಗ್ಯ ಬಂದುಹೋದಾಗಿನಿಂದ ಹೀಗೆ. ಯಾರು ಏನು ಅಂದರೋ, ಇವಳೇ ಏನು ಕಂಡಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದರೆ ಉತ್ತರ ಹೇಳಬೇಕಾದವಳು ನಾನೇ. ಹೇಳಿದ ಮೇಲೆ ಅವಳು ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೆ ಎಂಬುದೊಂದೇ ನನಗಿದ್ದ ಭಯ.

ಕಾಳಿನ ಮೇಲೆ ತಟ್ಟೆ ಮುಚ್ಚಿ ಎದ್ದೆ. "ನೀನು ಇಲ್ಲೇ ಇರು, ಬೆಕ್ಕು ಬಾಯಿ ಹಾಕುತ್ತೆ" ಎಂದು ಗಂಗಿಗೆ ಹೇಳಿದೆ.

"ಅವರೆಕಾಳು ತಿನ್ನೋ ಬೆಕ್ಕು ಎಲ್ಲಿದೆ?" ಎಂದು ಅವಳು ಆಗಲೇ ಲಂಗ ಕೊಡವಿಕೊಂಡು ನಿಂತಿದ್ದಳು. ಟೀಚರ್ ನಕ್ಕು ಅವಳ ಕೈ ಹಿಡಿದುಕೊಂಡರು.

ಸಂಘದ ಹಾಲಿನಲ್ಲಿ ಆಂಜಿನಪ್ಪ ಕ್ಯಾಸೆಟ್ಟುಗಳನ್ನು ಬೆಂಚಿನ ಮೇಲೆ ಹರಡಿದ್ದ. ನಮ್ಮ ಯಜಮಾನರ ಸೋದರತ್ತೆ ಮುನಿಯಕ್ಕ ಕಸ ಗುಡಿಸುವುದನ್ನು ನಿಲ್ಲಿಸಿ, ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಹೋದ ವಾರ ಇವಳೂ ಬಾಗಿಲಲ್ಲಿ ನಿಂತು ಕತೆ ಕೇಳಿದ್ದಳು. ಮುನಿಯಕ್ಕನಿಗೆ ಎಲ್ಲವೂ ಗೊತ್ತು, ನಾಲಿಗೆ ಮಾತ್ರ ಅವಳ ಕೈಯಲ್ಲಿಲ್ಲ.

"ಗಾಳಿಪಟದ ಮುದುಕನ ಸಿನಿಮಾನ ಮೊದಲು ಇಡೋಣ ಟೀಚರ್" ಎಂದೆ. "ನಗು ಇದೆ ಅದರಲ್ಲಿ. ಸಂಕ್ರಾಂತಿ ಹಬ್ಬದ ಮಾರನೇ ವಾರ, ಮಕ್ಕಳು ನಗಲಿ."

"ಅದು ಶಿವರಾತ್ರಿ ಹೊತ್ತಿಗೆ ಇರಲಿ. ಆಗ ಗಾಳಿಯೂ ಇರುತ್ತೆ, ನೋಡಿ ಬಂದು ಪಟ ಹಾರಿಸ್ತಾರೆ. ಕಬ್ಬಿಣದ ಮನುಷ್ಯಂದು ಪರೀಕ್ಷೆ ಹತ್ರ ಬೇಡ, ಹುಡುಗ್ರು ಬೆಂಚು ಮುರೀತಾರೆ."

"ಹೋದ್ಸಲ ಎರಡು ಮುರಿದ್ರು" ಎಂದ ಆಂಜಿನಪ್ಪ. "ನಾನೇ ಮೊಳೆ ಹೊಡ್ದಿದ್ದು. ಇನ್ನೂ ಬಗ್ಗಿ ಕೂತ್ರೆ ಚುಚ್ಚುತ್ತೆ."

"ನೀರುನಾಯಿ ಬಿಟ್ಟೇಬಿಡೋಣ" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಅಳು ಜಾಸ್ತಿ. ಚಿಕ್ಕ ಮಕ್ಳು ಹೆದರ್ಕೋತಾವೆ."

"ಅತ್ರೆ ಏನಾಯ್ತು ಕೃಷ್ಣಮ್ಮ? ಪೆಟ್ಟಿಗೇಲಿ ಇರೋದ್ರಲ್ಲಿ ಅದಕ್ಕಿಂತ ಒಳ್ಳೇದಿಲ್ಲ. ಮೊದಲ್ನೇ ವಾರ ಅದನ್ನ ನೋಡಿದ್ರೆ ಪ್ರತಿ ಭಾನುವಾರ ಬರ್ತಾರೆ."

"ಬ್ಯಾಡ ಅಂತ ಅವ್ಳು ಅಂದ್ಮ್ಯಾಕೆ ಬ್ಯಾಡ ಬಿಡು ಟೀಚರಮ್ಮಾ" ಎಂದಳು ಮುನಿಯಕ್ಕ. "ಅವ್ಳ ಸಂಕ್ಟ ಅವ್ಳಿಗೆ. ಸಾಕ್ದೋರ ಒಟ್ಟೆ ಉರಿ ನಿಂಗೇನ್ ಗೊತ್ತು."

ಟೀಚರ್ ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಗಂಗಿಯ ಕಡೆ ನೋಡಿದೆ. ಅವಳು ಕ್ಯಾಸೆಟ್ಟೊಂದರ ಮೇಲಿನ ಚಿತ್ರವನ್ನು ಉಗುರಿನಿಂದ ಕೆರೆಯುತ್ತಿದ್ದವಳು ತಲೆ ಬಗ್ಗಿಸಿಕೊಂಡೇ ಇದ್ದಳು. ಉಗುರು ಮಾತ್ರ ನಿಂತಿತ್ತು.

"ಹೊಟ್ಟೆ ಉರಿಯಂತೆ. ಬೆಳಿಗ್ಗೆ ತಿಂಡಿ ತಿಂದಿಲ್ಲ ನಾನು, ಅದಕ್ಕೆ" ಎಂದೆ. ಮುನಿಯಕ್ಕ ಬಾಯಿಗೆ ಸೆರಗು ಇಟ್ಟುಕೊಂಡಳು.

ಆಂಜಿನಪ್ಪನಿಗೆ ಇದ್ಯಾವುದೂ ತಿಳಿಯಲಿಲ್ಲ. "ದೊಡ್ಡೋರು ಜಗಳ ಯಾಕ್ರಕ್ಕಾ? ಇಲ್ಲೇ ಒಂದು ಮಗು ಇದೆಯಲ್ಲ. ಕೊನೆ ಅರ್ಧ ಹಾಕ್ತೀನಿ. ನೀವು ಕತೆ ಹೇಳಿ. ಗಂಗಿ ನೋಡಿ ಹೇಳ್ಲಿ. ಏನ್ ಮರಿ, ಆಗ್ಬಹುದಾ?"

"ಹೂಂ" ಎಂದಳು ಗಂಗಿ.

ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ ಎನ್ನಬಹುದಿತ್ತು. ಇಟ್ಟಿಲ್ಲವೆಂದು ಗಂಗಿಗೆ ಗೊತ್ತಿತ್ತು. ಕಿಟಕಿಗಳಿಗೆ ಗೋಣಿತಾಟು ಇಳಿಬಿಟ್ಟರು. ಮೈಕು ಕೈಗೆ ಬಂತು.

ಮೊದಲು ಸಲೀಸಾಗಿ ಹೇಳಿದೆ. "ಚಳಿ ಆಗ್ತಿದೆಯೇನೋ ಕಂದಾ, ಬಾ, ನನ್ನ ರೆಕ್ಕೆಯೊಳಗೆ ಬಾ" ಎಂದಿತು ಕೊಕ್ಕರೆ. ಮರಿ ಹೋಗಿ ಅವಿತುಕೊಂಡಿತು. ಗಂಗಿ ನೆಲದ ಮೇಲೆ, ನನ್ನ ಕಾಲಿಗೆ ಬೆನ್ನು ತಾಗಿಸಿ ಕೂತಿದ್ದಳು. ಅವಳ ಉಸಿರು ನನ್ನ ಮೊಣಕಾಲಿಗೆ ಗೊತ್ತಾಗುತ್ತಿತ್ತು. ಆಮೇಲೆ ಹೊಳೆಯ ನೀರು ಅಲುಗಿತು. ದೊಡ್ಡ ನೀರುನಾಯಿ ತಲೆ ಎತ್ತಿತು. ಕತ್ತಿನ ಬಿಳಿ ಮಚ್ಚೆ ಪರದೆಯ ತುಂಬ ಕಂಡಿತು. ಅದು ಮರಿಯನ್ನು ನೋಡಿ ಬಾಯಿ ತೆರೆಯಿತು. ಈಗ ನಾನು ಮಾತು ಕೊಡಬೇಕು.

ಹೋದ ವಾರ ಈ ಜಾಗದಲ್ಲಿ "ನಾನು ನಿನ್ನ ತಾಯಿ ಕಣೋ" ಎಂದಿದ್ದೆ. ಈಗ ಗಂಗಿಯ ಮುಂದೆ ಆ ಮಾತು ಆಡುವಂತಿರಲಿಲ್ಲ. ನೀರುನಾಯಿ ಬಾಯಿ ತೆರೆದುಕೊಂಡೇ ಇತ್ತು. ಸುಮ್ಮನಿದ್ದರೆ ಅದಕ್ಕಿಂತ ಕೆಟ್ಟದು.

"ಆಗ... ಹೊಳೆಯಿಂದ ಅದರ ಚಿಕ್ಕಮ್ಮ ಬಂದಳು" ಎಂದೆ.

"ಚಿಕ್ಕಮ್ಮನಾ?" ಆಂಜಿನಪ್ಪ ನಕ್ಕ. "ಹೋದ್ವಾರ ತಾಯಿ ಅಂದಿದ್ರಲ್ಲಕ್ಕಾ."

"ಚಿಕ್ಕಮ್ಮನೇ ಕಣಪ್ಪಾ, ಸುಮ್ಕಿರು" ಎಂದಳು ಮುನಿಯಕ್ಕ, ಅವಸರದಲ್ಲಿ. ನನಗೆ ಸಹಾಯ ಮಾಡುವ ಅವಸರ. "ಅವ್ಳಿಗೆ ಗೊತ್ತಿಲ್ವಾ? ಚಿಕ್ಕಮ್ಮ ಅಂದ್ರೆ ಚಿಕ್ಕಮ್ಮನೇ."

ನನ್ನ ಮೊಣಕಾಲಿಗೆ ತಾಗಿದ್ದ ಬೆನ್ನು ಸರಿಯಿತು. ಗಂಗಿ ನೆಟ್ಟಗೆ ಕೂತಳು.

ಮುಂದಿನದನ್ನು ಹೇಗೆ ಹೇಳಿದೆನೋ ತಿಳಿಯದು. ಮರಿ ನೀರಿಗಿಳಿಯಿತು, ತಿರುಗಿ ನೋಡಿತು, ಮುಳುಗಿತು. ಕೊಕ್ಕರೆ ದಡದಲ್ಲಿ ನಿಂತೇ ಇತ್ತು. ಆಮೇಲೆ ನಮಗೆ ಓದಲು ಬಾರದ ಆ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಹೋಗತೊಡಗಿದವು. ಮರಿ ಮತ್ತೆ ಬಂತೋ ಇಲ್ಲವೋ ಎಂಬುದು ಅದರಲ್ಲಿ ಬರೆದಿದ್ದರೂ ಇರಬಹುದು.

ಆಂಜಿನಪ್ಪ ಗೋಣಿತಾಟು ಎತ್ತಿದ. ಬೆಳಕು ಬಂತು.

"ಏನಮ್ಮ ಗಂಗಾ, ಮೊದಲ್ನೇ ಭಾನುವಾರಕ್ಕೆ ಇದನ್ನ ಇಡೋಣ್ವಾ?" ಟೀಚರ್ ಕೇಳಿದರು.

ಗಂಗಿ ಎದ್ದು ನನ್ನ ಎದುರಿಗೆ ಬಂದು ನಿಂತಳು. ಅತ್ತಿರಲಿಲ್ಲ. ನನ್ನ ಸೆರಗಿನ ತುದಿ ಹಿಡಿದು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಚಿಕ್ಕಮ್ಮ ಕರೆದ್ರೆ ಯಾರಾದ್ರೂ ಹಂಗೆ ಹೋಗ್ತಾರಾ?" ಎಂದಳು.

"ಅದು ಸಿನಿಮಾ ಕಂದಾ. ನಡಿ, ಕಾಳು ಹಿತುಕೋದಿದೆ."

ಅವಳು ಕದಲಲಿಲ್ಲ. ಸೆರಗನ್ನೂ ಬಿಡಲಿಲ್ಲ. ಟೀಚರ್ ಏನೋ ಹೇಳಲು ಹೊರಟವರು ಮುನಿಯಕ್ಕನ ಮುಖ ನೋಡಿ ನಿಲ್ಲಿಸಿದರು. ನಾನು ಮೈಕನ್ನು ಬೆಂಚಿನ ಮೇಲಿಟ್ಟು, ಗುಂಡಿ ಒತ್ತಿ ಆರಿಸಿ, ಅವಳ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತೆ. ಇನ್ನು ಓಡಿಹೋಗಲು ಯಾವ ಕೆಲಸವೂ ಉಳಿದಿರಲಿಲ್ಲ.

"ಕೇಳು" ಎಂದೆ. "ಏನು ಕೇಳ್ಬೇಕೋ ಕೇಳ್ಬಿಡು."

ಗಂಗಿ ಸೆರಗನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಅಮ್ಮಾ, ಆನೇಕಲ್ ಚಿಕ್ಕಮ್ಮ ನಂಗೂ ಅಂಥಾ ಚಿಕ್ಕಮ್ಮನಾ?"