ಖಾಲಿ ಖಾನೆ ಇಲ್ಲದ ಭಂಡಾರ

ಹದಿನಾಲ್ಕು ತಿಂಗಳು ಸಭೆ ಸೇರಿ ಆ ಸಮಿತಿ ಸಾಧಿಸಿದ್ದು ಒಂದೇ, ತನಗೊಂದು ಹೆಸರು ಇಟ್ಟುಕೊಂಡಿದ್ದು. ‘ಸಮಾನ ಚಿಕಿತ್ಸಾ ಮಾಹಿತಿ ಮಾದರಿಗಳ ಹಂಚಿಕೆ ಭಂಡಾರ ಹಾಗೂ ಉಪಕರಣಗಳ ಯೋಜನಾ ಸಮಿತಿ’. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಒಬ್ಬರ ಬಿಪಿ ನೋಡಿ ಬರೆದೂಬಿಡಬಹುದು ಅನ್ನಿಸಿತು ಬುಷ್ರಾಗೆ. ಅವಳು ಶಿವಾಜಿನಗರದ ಒಂದು ಧರ್ಮಾರ್ಥ ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸು. ಹೆಸರು ಹೇಳುತ್ತಾ ಕೂರುವ ಪುರುಸೊತ್ತು ಅವಳಿಗೆ ಯಾವತ್ತೂ ಇರಲಿಲ್ಲ.

ಆ ಮಂಗಳವಾರ ಅವಳನ್ನು ಇಂದಿರಾನಗರಕ್ಕೆ ಕರೆಸಿದ್ದರು. ಬಂಗಲೆಯೊಂದನ್ನು ಆಫೀಸು ಮಾಡಿಕೊಂಡ ಜಾಗ. ಒಂದು ಕಾಲಕ್ಕೆ ಯಾರೋ ಸಂಸಾರಸ್ಥರು ಮಲಗುತ್ತಿದ್ದ ಕೋಣೆಯಲ್ಲಿ ಈಗ ಉದ್ದನೆಯ ಮೇಜು ಹಾಕಿ, ಸುತ್ತ ಹನ್ನೊಂದು ಮಂದಿ ಕೂತಿದ್ದರು. ಹನ್ನೊಂದರಲ್ಲಿ ಒಬ್ಬರಾದರೂ ಇತ್ತೀಚೆಗೆ ರೋಗಿಯ ನಾಡಿ ಹಿಡಿದವರಿದ್ದರೋ ಏನೋ, ದೇವರೇ ಬಲ್ಲ.

ಕೆಲಸವೇನೋ ಒಳ್ಳೆಯದೇ. ಅದನ್ನು ಒಪ್ಪಿಕೊಳ್ಳದಿದ್ದರೆ ಪಾಪ ಬಂದೀತು. ಒಬ್ಬ ರೋಗಿಯ ಬಗ್ಗೆ ಏನೇನು ಬರೆಯಬೇಕು, ಯಾವ ಖಾನೆಯಲ್ಲಿ ಬರೆಯಬೇಕು ಅನ್ನುವುದಕ್ಕೆ ಒಂದು ಅಚ್ಚು ಮಾಡುವುದು. ಬಿಪಿಗೆ ಒಂದು ಅಚ್ಚು, ಸಕ್ಕರೆಗೆ ಒಂದು, ಒಗ್ಗದ ಔಷಧಕ್ಕೆ ಒಂದು. ಅವನ್ನೆಲ್ಲ ಒಂದೇ ಭಂಡಾರದಲ್ಲಿಟ್ಟು ಎಲ್ಲ ಆಸ್ಪತ್ರೆಗಳೂ ಅದರಿಂದಲೇ ತೆಗೆದುಕೊಳ್ಳುವುದು. ಆ ಅಚ್ಚಿನಲ್ಲಿ ತುಂಬಿದ ರೋಗಿಗಳ ವಿವರವೂ ಅಲ್ಲೇ ಇರುತ್ತದೆ, ಯಾವ ಆಸ್ಪತ್ರೆಯವರು ಬೇಕಾದರೂ ತೆರೆದು ನೋಡಬಹುದು. ಇಡ್ಲಿ ತಟ್ಟೆ ಒಂದೇ ಆದರೆ ಶಿವಾಜಿನಗರದಲ್ಲಿ ಬೇಯಿಸಿದ್ದು ಕೆ.ಆರ್. ಪುರದಲ್ಲೂ ಅದೇ ಗಾತ್ರಕ್ಕೆ ಇರುತ್ತದಲ್ಲ, ಹಾಗೆ. ಯಾರು ಬೇಡ ಅಂದಾರು?

ಬುಷ್ರಾಗೂ ಅದು ಬೇಕಿತ್ತು, ಬೇರೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತು. ಅವಳ ಕ್ಲಿನಿಕ್ಕಿನ ರೋಗಿಗಳು ಸ್ಕೂಲ್ ಮಕ್ಕಳ ನಲವತ್ತು ಹಾಳೆಯ ನೋಟ್‌ಬುಕ್ಕನ್ನೇ ಚೀಟಿಯೆಂದು ತರುತ್ತಿದ್ದರು. ಯಾರಿಗಾದರೂ ಯಾವುದಾದರೂ ಔಷಧ ಒಗ್ಗದಿದ್ದರೆ ಕಾಂಪೌಂಡರ್ ಲತೀಫ್ ಸಾಹೇಬರು ಅದನ್ನು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆಯುತ್ತಿದ್ದರು. ಒಂದನೇ ತಾರೀಕಿನಿಂದ ನೋಟ್‌ಬುಕ್ ನಿಲ್ಲಿಸಿ, ಎಲ್ಲ ಕಂಪ್ಯೂಟರಿನಲ್ಲೇ ಇರಲಿ ಎಂದು ಟ್ರಸ್ಟಿನವರು ಹೇಳಿಯಾಗಿತ್ತು. ಕೆಂಪು ಶಾಯಿ ಬಿದ್ದಿದ್ದ ಇನ್ನೂರ ಹದಿನಾಲ್ಕು ನೋಟ್‌ಬುಕ್ಕುಗಳನ್ನು ಬುಷ್ರಾ ತಾನೇ ಕೂತು ಕಂಪ್ಯೂಟರಿಗೆ ಏರಿಸಿದ್ದಳು. ಅದರಲ್ಲಿ ಒಂದು ಅವಳ ಅತ್ತೆ ಬದ್ರುನ್ನೀಸಾ ಅವರದು. ಆರು ವರ್ಷದ ಹಿಂದೆ ಯಾವನೋ ಕೊಟ್ಟ ಒಂದು ಸಲ್ಫಾ ಮಾತ್ರೆ ನುಂಗಿ, ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಹಾಗೆ ಮೈ ಚರ್ಮ ಎದ್ದು, ಹನ್ನೊಂದು ದಿನ ಸಾವಿನ ಬಾಯಲ್ಲಿ ಇದ್ದು ಬಂದ ಹೆಂಗಸು. ಇನ್ನೊಂದು ಮಾತ್ರೆ ಹೋದರೆ ವಾಪಸು ಬರುವ ಮಾತಿಲ್ಲ ಎಂದು ಆಗಲೇ ಡಾಕ್ಟರು ಹೇಳಿದ್ದರು.

ಸಭೆ ಹನ್ನೊಂದಕ್ಕೆ ಶುರುವಾಯಿತು. ಅಬ್ಬಬ್ಬಾ, ಅದೇನು ಚರ್ಚೆ! ಅಚ್ಚು ತಯಾರಿಸುವ ಕಂಪ್ಯೂಟರ್ ಉಪಕರಣ ಯಾವುದಿರಬೇಕು ಎಂದು ಮೂರು ಉಪಕರಣ ಮುಂದಿಟ್ಟುಕೊಂಡು, ಆ ಮೂರನ್ನು ತೂಗಿ ನೋಡಲು ಒಂದು ಉಪಕರಣ ಬೇಕಲ್ಲ ಎಂದು ಮುಕ್ಕಾಲು ಗಂಟೆ ತಲೆ ಕೆರೆದುಕೊಂಡರು. ಮಲಗಿರುವ ಕೂಸನ್ನು ಅಳೆದರೆ ಅದು ಎತ್ತರವೋ ಉದ್ದವೋ ಎಂದು ಇನ್ನೊಂದು ಗಂಟೆ. ಒಬ್ಬರು ಜರ್ಮನಿಯಲ್ಲಿ ಹೇಗೆ ಮಾಡುತ್ತಾರೆ ಅಂದರು, ಇನ್ನೊಬ್ಬರು ಅದಕ್ಕೆ ನಕ್ಕರು. ಬುಷ್ರಾ ತನ್ನ ಜೀವಮಾನದಲ್ಲಿ ಕಮ್ಮಿಯೆಂದರೂ ನಾಲ್ಕು ಸಾವಿರ ಕೂಸುಗಳನ್ನು ಅಳೆದವಳು. ಅವಳನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

ಅಧ್ಯಕ್ಷರು ಕೃಷ್ಣಸ್ವಾಮಿ. ಹೊಸ ತಿಪ್ಪಸಂದ್ರದವರು, ಮೂವತ್ತೊಂದು ವರ್ಷ ವಿಮಾ ಕಚೇರಿಯಲ್ಲಿ ಅರ್ಜಿ ತಪಾಸಣೆ ಮಾಡಿ ನಿವೃತ್ತರಾದವರು. ಖಾಲಿ ಖಾನೆ ಕಂಡರೆ ಅವರಿಗೆ ಮೈಮೇಲೆ ಜಿರಲೆ ಹರಿದಂತಾಗುತ್ತಿತ್ತು. ‘ಹಿಂದೆ ಏನಾದರೂ ಕಾಯಿಲೆ ಇತ್ತೇ’ ಎಂಬ ಪ್ರಶ್ನೆಗಳ ಎದುರು, ಗಿರಾಕಿಯನ್ನು ಕೇಳುವ ತಂಟೆಗೇ ಹೋಗದೆ ಏಜೆಂಟರು ಇಲ್ಲ, ಇಲ್ಲ, ಇಲ್ಲ ಎಂದು ಮೇಲಿಂದ ಕೆಳಕ್ಕೆ ಗೀಚಿ ತರುತ್ತಿದ್ದ ಕಾಲ ಅದು. ಇವರು ಎಲ್ಲ ಖಾನೆ ತುಂಬಿದೆ, ಶಹಭಾಸ್ ಎಂದು ಸೀಲು ಒತ್ತುತ್ತಿದ್ದರು. ಆ ವಿದ್ಯೆಯನ್ನೇ ಕಟ್ಟಿಕೊಂಡು ಬಂದು ಮಹಾನುಭಾವರು ಈಗ ಆಸ್ಪತ್ರೆಗಳನ್ನು ಉದ್ಧಾರ ಮಾಡಲು ಕೂತಿದ್ದರು.

ಊಟಕ್ಕೆ ಮುಂಚೆ ವಿಶ್ರುತ್ ಎಂಬ ಹುಡುಗ ಗೋಡೆಯ ಪರದೆಯ ಮೇಲೆ ಭಂಡಾರವನ್ನು ತೆರೆದು ತೋರಿಸಿದ. ಕಂಪ್ಯೂಟರ್ ಕೆಲಸವೆಲ್ಲ ಅವನದೇ. “ನಿಮ್ಮ ಕ್ಲಿನಿಕ್ ಡೇಟಾ ಪೂರ್ತಿ ಬಂದ್ಬಿಟ್ಟಿದೆ ಮೇಡಂ. ನೂರಕ್ಕೆ ನೂರು. ಯಾವುದಾದ್ರೂ ಒಂದು ನಂಬರ್ ಹೇಳಿ, ತೋರಿಸ್ತೀನಿ.”

ಬುಷ್ರಾಗೆ ಬಾಯಿಗೆ ಬಂದಿದ್ದು ಅತ್ತೆಯ ನಂಬರು. ಪರದೆಯ ಮೇಲೆ ಹೆಸರು, ವಯಸ್ಸು, ಬೀದಿ ಎಲ್ಲ ಸರಿಯಾಗಿಯೇ ಬಂತು. ಕೆಳಗೆ, ಔಷಧ ಅಲರ್ಜಿ: ಇಲ್ಲ. ಅದರ ಪಕ್ಕ ಒಂದು ಹಸಿರು ಟಿಕ್ಕು, ‘ಪರಿಶೀಲಿಸಲಾಗಿದೆ’.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. “ಇಲ್ಲ ಅಂತ ಯಾರ್ ಬರೆದ್ರು? ನಾನು ಸಲ್ಫಾ ಅಂತ ಹಾಕಿದ್ದೆ. ಚರ್ಮ ಏಳತ್ತೆ, ಕೊಡಬೇಡಿ ಅಂತಾನೂ ಹಾಕಿದ್ದೆ!”

“ಅದು ಫ್ರೀ ಟೆಕ್ಸ್ಟ್, ಬರೀ ಮಾತಲ್ಲಿ ಬರೆದಿದ್ದು ಅಲ್ವಾ ಮೇಡಂ,” ಅಂದ ವಿಶ್ರುತ್. “ಈ ಮಾಡೆಲ್‌ನಲ್ಲಿ ಔಷಧದ ಕೋಡ್ ಇರ್ಬೇಕು. ಕೋಡ್‌ಗಳ ಪಟ್ಟಿ ಇನ್ನೂ ರೆಡಿ ಆಗಿಲ್ಲ, ಯಾವ ಟೂಲ್‌ನಲ್ಲಿ ಮಾಡೋದು ಅಂತ ಡಿಸೈಡ್ ಆಗಿಲ್ಲ. ಕೋಡ್ ಇಲ್ದೇ ಇದ್ರೆ ಖಾನೆ ಖಾಲಿ ಆಗತ್ತೆ.”

“ಖಾಲಿ ಬಿಡೋಕಾಗಲ್ಲಮ್ಮ,” ಎಂದರು ಕೃಷ್ಣಸ್ವಾಮಿ, ಮಗುವಿಗೆ ತಿಳಿಹೇಳುವಂತೆ. “ಖಾಲಿ ಇದ್ರೆ ಇಲ್ಲ ಅಂತ ತಾನಾಗೇ ತುಂಬ್ಕೊಳತ್ತೆ. ಕ್ವಾಲಿಟಿ ಅಂದ್ರೆ ಅದೇ ಅಲ್ವೇ.”

“ಗೊತ್ತಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ ಸಾರ್! ಇದನ್ನ ನೋಡಿ ಯಾರಾದ್ರೂ ಆ ಮಾತ್ರೆ ಕೊಟ್ರೆ ನಮ್ಮತ್ತೆ ಸತ್ತೋಗ್ತಾರೆ. ಇನ್ನೂರ ಹದಿನಾಲ್ಕು ಜನಕ್ಕೂ ಹಿಂಗೇ ಮಾಡಿದ್ದೀರಾ?”

“ಎಲ್ಲಾರ್ಗೂ ಒಂದೇ ರೂಲು,” ಎಂದರು ಕೃಷ್ಣಸ್ವಾಮಿ. ಅದನ್ನು ಹೆಮ್ಮೆಯಿಂದಲೇ ಹೇಳಿದರು, ನೋಡಿ! ಆಮೇಲೆ ವಿವರಿಸಿದರು. ಮಾದರಿ ಈಗಾಗಲೇ ಪ್ರಕಟವಾಗಿದೆ. ತಿದ್ದಬೇಕಾದರೆ ಲಿಖಿತ ಅರ್ಜಿ ಕೊಡಬೇಕು, ತೊಂಬತ್ತು ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಬೇಕು, ಆಮೇಲೆ ಮೂರರಲ್ಲಿ ಎರಡು ಭಾಗ ಸದಸ್ಯರು ಕೈಯೆತ್ತಬೇಕು. ಮಧ್ಯದಲ್ಲಿ ಯಾರೋ ಸತ್ತರೆ ಅದಕ್ಕೆ ಯಾವ ಖಾನೆ ಅನ್ನುವುದನ್ನು ಅವರು ಹೇಳಲಿಲ್ಲ.

ಆಗ ವಿಶ್ರುತ್ ಅವಳ ಮುಂದೆ ಒಂದು ಹಾಳೆ ಸರಿಸಿದ. ಅವಳನ್ನು ಯಾಕೆ ಕರೆಸಿದ್ದಾರೆ ಅನ್ನುವುದು ಬುಷ್ರಾಗೆ ಆಗ ತಿಳಿಯಿತು. ರೋಗಿಗಳನ್ನು ನೋಡಿಕೊಳ್ಳುವ ಒಬ್ಬರಾದರೂ ಸಹಿ ಹಾಕದೆ ಭಂಡಾರ ಚಾಲೂ ಆಗುವಂತಿಲ್ಲ ಎಂದು ಏಳನೇ ನಿಯಮ ಹೇಳುತ್ತಿತ್ತು. ಇವರಿಗೆ ಬೇಕಿದ್ದದ್ದು ಅವಳ ತಲೆಯಲ್ಲ, ಕೈ.

“ನಾನು ಹಾಕಲ್ಲ,” ಅಂದಳು ಬುಷ್ರಾ. ಪೆನ್ನಿನ ಮುಚ್ಚಳ ಮುಚ್ಚಿ ಹಾಳೆಯ ಮೇಲಿಟ್ಟಳು. ಒಳಗೊಳಗೇ ಖುಷಿಯಾಯಿತು. ಇಷ್ಟು ದೊಡ್ಡ ಮೇಜಿನ ಮುಂದೆ ಅವಳು ಯಾವತ್ತೂ ‘ಆಗುವುದಿಲ್ಲ’ ಎಂದವಳಲ್ಲ. ಇನ್ನು ಇವರು ತಿದ್ದಲೇಬೇಕು, ಬೇರೆ ದಾರಿಯೇ ಇಲ್ಲ ಅಂದುಕೊಂಡಳು, ಪಾಪ.

ಕೃಷ್ಣಸ್ವಾಮಿ ಗಂಟಲು ಸರಿಮಾಡಿಕೊಂಡರು. “ಏಳನೇ ನಿಯಮದಲ್ಲಿ ‘ಸಹಿ’ ತೆಗೆದು ‘ಹಾಜರಿ’ ಅಂತ ಮಾಡೋಣ್ವೇ?” ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಹನ್ನೊಂದು ಕೈ ಮೇಲೆದ್ದವು. ಬುಷ್ರಾ ಗೋಡೆ ಗಡಿಯಾರ ನೋಡಿದಳು. ನಾಲ್ಕೇ ನಿಮಿಷ ಹಿಡಿದಿತ್ತು. ಬಳಕೆದಾರರ ಪ್ರತಿನಿಧಿ ಹಾಜರಿದ್ದರು ಎಂದು ನಡಾವಳಿಯಲ್ಲಿ ಬರೆದುಕೊಂಡು ಎಲ್ಲರೂ ಊಟಕ್ಕೆ ಎದ್ದರು. ತಟ್ಟೆ ಹಿಡಿದುಕೊಂಡೇ ಕೃಷ್ಣಸ್ವಾಮಿ ಹತ್ತಿರ ಬಂದು, “ಬೇಜಾರ್ ಮಾಡ್ಕೋಬೇಡಿ, ಪಲಾವ್ ಚೆನ್ನಾಗಿದೆ, ತಗೊಳ್ಳಿ,” ಅಂದರು. ಥೂ! ಅವಳು ನೀರು ಕೂಡ ಮುಟ್ಟದೆ ಹೊರಗೆ ಬಂದಳು.

ಟ್ರಸ್ಟಿನವರ ಮುಂದೆ ಗೋಗರೆದಳು. ಅವರು ಸಮಿತಿಗೆ ಪತ್ರ ಬರೆಯುತ್ತೇವೆ ಎಂದು ಕೈ ತೊಳೆದುಕೊಂಡರು. ಕೊನೆಗೆ ಬುಷ್ರಾ ಫೋನು ಹಿಡಿದು ಕೂತಳು. ಒಬ್ಬೊಬ್ಬರಿಗೂ ಕರೆಮಾಡಿ, ಯಾವ ಆಸ್ಪತ್ರೆಗೆ ಹೋದರೂ ಮೊದಲು ನಿಮ್ಮ ಬಾಯಲ್ಲೇ ಹೇಳಿ, ಇಂಥ ಔಷಧ ನನಗೆ ಆಗಲ್ಲ ಅಂತ, ಎಂದು ಕಲಿಸಿದಳು. ರಸೆಲ್ ಮಾರ್ಕೆಟ್ಟಿನ ಹತ್ತಿರ ಸೊಪ್ಪು ಮಾರುವ ಮುನಿಶಾಮಮ್ಮ ಪೆನ್ಸಿಲಿನ್ ಅನ್ನುವ ಮಾತನ್ನು ಹದಿನೈದು ಸಲ ಹೇಳಿ ಹೇಳಿ ನಾಲಿಗೆಗೆ ಕೂರಿಸಿಕೊಂಡರು. ಅರವತ್ತು ಜನರ ನಂಬರು ಬದಲಾಗಿತ್ತು. ಅವರನ್ನು ಎಲ್ಲಿ ಹುಡುಕುವುದು?

ಮನೆಯಲ್ಲಿ ಅತ್ತೆಗೂ ಪಾಠವಾಯಿತು. “ಅರೇ, ನನಗೇನ್ ಮರೆವಾ?” ಎಂದು ಬದ್ರುನ್ನೀಸಾ ರೇಗಿದರು. “ಚರ್ಮ ಸುಲಿದಿದ್ದು ನಂದು, ನಿಮ್ಮ ಸಮಿತಿದಲ್ಲ.” ಸೊಸೆಯ ಮೇಲೆ ರೇಗುವುದು ಅವರಿಗೆ ಊಟದಷ್ಟೇ ಮುಖ್ಯ.

ಒಂದೂವರೆ ತಿಂಗಳಾಗಿತ್ತು. ಅತ್ತೆ ಕೆ.ಆರ್. ಪುರದ ಮಗಳು ಸುಮೈರಾ ಮನೆಗೆ ಹೋಗಿದ್ದರು. ಮಧ್ಯಾಹ್ನ ಸುಮೈರಾ ಫೋನು ಮಾಡಿ, ಅಮ್ಮಿಗೆ ಮೂತ್ರದ ಇನ್‌ಫೆಕ್ಷನ್, ಚಳಿಜ್ವರ, ಇಲ್ಲಿನ ಆಸ್ಪತ್ರೆಗೆ ಸೇರಿಸಿದ್ದೀವಿ, ಅಂದಳು. ಬುಷ್ರಾ ಮಾತ್ರೆಯ ತಟ್ಟೆಯನ್ನು ಲತೀಫ್ ಸಾಹೇಬರ ಕೈಗಿಟ್ಟು, ಹಲಸೂರಿನವರೆಗೆ ಆಟೋ, ಅಲ್ಲಿಂದ ಮೆಟ್ರೋ ಹಿಡಿದು ಓಡಿದಳು. ಅವಳು ವಾರ್ಡಿಗೆ ಹೋಗುವಷ್ಟರಲ್ಲಿ ಡ್ಯೂಟಿ ಡಾಕ್ಟರ್ ಕಾವೇರಿ ಹಾಸಿಗೆಯ ಪಕ್ಕ ನಿಂತಿದ್ದರು. ನರ್ಸಿನ ಕೈಯಲ್ಲಿ ಬಿಳಿ ಮಾತ್ರೆ ರೆಡಿ ಇತ್ತು.

“ನಕ್ಕೋ ಮಾ, ಬೇಡ, ನಂಗೆ ಸಲ್ಫಾ ಆಗಲ್ಲ,” ಎನ್ನುತ್ತಿದ್ದರು ಬದ್ರುನ್ನೀಸಾ, ಕಲಿಸಿದ್ದಷ್ಟನ್ನೂ ತಪ್ಪದೆ.

“ಇಲ್ಲ ಅಜ್ಜಿ, ನಿಮಗೆ ಯಾವ ಅಲರ್ಜಿನೂ ಇಲ್ಲ. ನೋಡಿ, ಇಲ್ಲಿದೆ, ಪರಿಶೀಲಿಸಲಾಗಿದೆ ಅಂತಾನೂ ಇದೆ.” ಡಾಕ್ಟರು ಸಮಾಧಾನದಿಂದ ಪರದೆ ತೋರಿಸಿದರು.

“ಹಂಗಾದ್ರೆ ಮಾತ್ರೆ ಅದಕ್ಕೇ ತಿನ್ಸು!” ಎಂದು ಅತ್ತೆ ತೋಳಿನ ಬಟ್ಟೆ ಮೇಲಕ್ಕೆಳೆದರು. ಭುಜದಿಂದ ಮೊಣಕೈವರೆಗೆ ಬಣ್ಣಗೆಟ್ಟ ಚರ್ಮ.

ಕಾವೇರಿ ಅದನ್ನು ನೋಡಿದರು. ನರ್ಸಿಗೆ ಕೈಸನ್ನೆ ಮಾಡಿ ತಡೆದರು. ಬುಷ್ರಾ ಮುಂದೆ ಬಂದು ಎಲ್ಲವನ್ನೂ ಹೇಳಿದಳು. ಡಾಕ್ಟರು ಒಳ್ಳೆಯ ಹುಡುಗಿ, ಜಂಬ ಇರಲಿಲ್ಲ. ತಕ್ಷಣ ಮಾತ್ರೆ ವಾಪಸು ಕಳಿಸಿ ಬೇರೆ ಇಂಜೆಕ್ಷನ್ ಕೊಡಿಸಿದರು. ಆಮೇಲೆ ಪರದೆಯ ಮೇಲೆ ಆ ‘ಇಲ್ಲ’ವನ್ನು ತಿದ್ದಲು ಬೆರಳು ಒತ್ತಿದರು. ತಿದ್ದುಪಡಿ ಕೋರಿಕೆ ಸ್ವೀಕರಿಸಲಾಗಿದೆ, ತೊಂಬತ್ತು ದಿನಗಳಲ್ಲಿ ಉತ್ತರಿಸಲಾಗುವುದು, ಎಂದು ಬಂತು. ಮತ್ತೆ ಒತ್ತಿದರು. ಮತ್ತೆ ಅದೇ. ಎಲ್ಲಾದರೂ ಬರೆದಿಡೋಣವೆಂದರೆ ಆ ವಾರ್ಡಿನಲ್ಲಿ ಕೇಸ್ ಶೀಟ್ ಅನ್ನುವುದೇ ಇರಲಿಲ್ಲ, ಕಾಗದ ನಿಲ್ಲಿಸಿ ತಿಂಗಳಾಗಿತ್ತು.

“ನರ್ಸ್‌ಗಳಿಗೆಲ್ಲ ಹೇಳಿ ಹೋಗ್ತೀನಿ,” ಎಂದರು ಕಾವೇರಿ. “ಆದ್ರೆ ಎಂಟು ಗಂಟೆಗೆ ನನ್ನ ಡ್ಯೂಟಿ ಮುಗಿಯತ್ತೆ. ಅವರಿಗೂ ಮುಗಿಯತ್ತೆ. ಆಮೇಲೆ ಬರೋರು ಇದನ್ನೇ ನೋಡ್ತಾರೆ.”

ಸುಮೈರಾ ಮಕ್ಕಳನ್ನು ನೋಡಲು ಮನೆಗೆ ಹೋದಳು. ಏಳರ ಹೊತ್ತಿಗೆ ಜ್ವರ ಮತ್ತೆ ಏರಿ, ಬದ್ರುನ್ನೀಸಾ ಏನೇನೋ ಕನವರಿಸತೊಡಗಿದರು. ಎಷ್ಟೋ ಹಿಂದೆ ತೀರಿಕೊಂಡ ಗಂಡನನ್ನು ಬೈಯುತ್ತಿದ್ದರು. ಸಲ್ಫಾದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಬುಷ್ರಾ ಸ್ಟೂಲು ಎಳೆದುಕೊಂಡು ಅವರ ತಲೆಯ ಬಳಿ ಕೂತಳು. ಮೂತ್ರಕ್ಕೆಂದು ಕೂಡ ಏಳಲಿಲ್ಲ. ಉಳಿದ ಇನ್ನೂರ ಹದಿಮೂರು ಜನ ಎಲ್ಲೆಲ್ಲಿ ಮಲಗಿದ್ದಾರೋ, ಅವರ ತಲೆಯ ಬಳಿ ಯಾರಿದ್ದಾರೋ ಎಂದು ಯೋಚನೆ ಬಂತು. ಆ ಹನ್ನೊಂದು ಜನರನ್ನೂ ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ಶಪಿಸಿದಳು.

ಎಂಟಕ್ಕೆ ಹೊಸ ಡಾಕ್ಟರು ಬಂದರು. ಪರದೆ ನೋಡಿದರು, ಜ್ವರದ ಲೆಕ್ಕ ನೋಡಿದರು, ನರ್ಸಿನ ಕಡೆ ತಿರುಗಿ ಅದೇ ಬಿಳಿ ಮಾತ್ರೆಯ ಹೆಸರು ಹೇಳಿದರು.

“ಸ್ವಲ್ಪ ನಿಲ್ಲಿ ಸಾರ್,” ಎಂದು ಬುಷ್ರಾ ಎದ್ದು ನಿಂತಳು. “ಆ ಪರದೇಲಿರೋದು ಸುಳ್ಳು.”