ಬಾಗಿಲೊಳಗಿನ ಬಟ್ಟೆ

ಸ್ಟೀರಿಯೋದ ಗುಂಡಿ ತಿರುಗಿಸಿದೆ. ಮೂವತ್ತು ವರ್ಷದ ಹಳೆಯ ಕಾರಿನ ನಾಲ್ಕೂ ಹೊಸ ಸ್ಪೀಕರುಗಳಿಂದ ನಮ್ಮ ಸೀಮೆಯ ಮೊಲಾಮ್ ಜನಪದ ಹಾಡು ಒಮ್ಮೆಲೇ ಹೊಮ್ಮಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಬುವಾಫನ್ ಅಜ್ಜಿ ತಲೆದೂಗಿದಳು.

"ಹಳೇ ಡಬ್ಬ ಬರೀ ಕೆಮ್ತಿತ್ತು. ಇದು ಹಾಡ್ತದೆ."

"ನಾಳೆ ಖೋನ್ ಕೇನ್ ಆಸ್ಪತ್ರೆ ತನಕ ಇದನ್ನೇ ಕೇಳ್ಕೊಂಡು ಬಾ. ಹೆದರಿಕೆ ಆಗಲ್ಲ," ಎಂದಳು ಕಿಟಕಿಯ ಹೊರಗೆ ನಿಂತಿದ್ದ ಅಜ್ಜಿಯ ಮಗಳು ಒರತಾಯ್.

ಬೆಳಿಗ್ಗೆ ಅಜ್ಜಿಯ ಕಣ್ಣಿನ ಆಪರೇಷನ್. ಎರಡು ಸಲ ದಿನ ತಪ್ಪಿಸಿದ್ದಳು. ಇನ್ನೊಮ್ಮೆ ತಪ್ಪಿಸಿದರೆ ಉಳಿದ ದೃಷ್ಟಿಯೂ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಬೇರೆ ಯಾವ ವಾಹನವನ್ನೂ ಆಕೆ ಹತ್ತುತ್ತಿರಲಿಲ್ಲ. ಅದಕ್ಕೇ, ದಾರಿಯುದ್ದಕ್ಕೂ ಹಾಡಿರಲಿ ಎಂದು ಕಾರು ನನ್ನ ಸ್ಪೀಕರ್ ಅಂಗಡಿಗೆ ಬಂದಿತ್ತು.

ಅಜ್ಜಿ ಅಭ್ಯಾಸದಂತೆ ಕೈ ಎತ್ತಿ ಚಾವಣಿ ಸವರಿದಳು. ಬೆರಳುಗಳು ನಿಂತವು. ಮತ್ತೆ ಸವರಿದಳು.

"ಹಾಡು ನಿಲ್ಸು. ಬೊಟ್ಟೆಲ್ಲಿ?"

ಕಾರು ಕೊಂಡ ದಿನ ಭಿಕ್ಷುಗಳು ಚಾವಣಿಗೆ ಬಿಳಿ ಗಂಧದ ಬೊಟ್ಟು ಇಡುವುದು ನನಗೆ ಗೊತ್ತಿಲ್ಲದ್ದೇ? ನನ್ನ ಪಿಕಪ್ಪಿನಲ್ಲೂ ಇವೆ. ಆದರೆ ಇಲ್ಲಿ, ಅಜ್ಜಿಯ ಗಂಡನ ಸಿಗರೇಟಿನ ಹೊಗೆಗೆ ಬೊಟ್ಟೂ ಚಾವಣಿಯ ಬಟ್ಟೆಯೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಜೋತುಬಿದ್ದ ಆ ಬಟ್ಟೆ ಕಿತ್ತು, ಮೆಚ್ಚಲಿ ಎಂದು ಪುಕ್ಕಟೆಯಾಗಿ ಹೊಸದು ಹಾಕಿದ್ದೆ.

"ಹಳೇ ಬಟ್ಟೆ ಎಲ್ಲಿಟ್ಟಿದ್ದೀಯಪ್ಪ?" ಒರತಾಯ್ ಕೇಳಿದಳು.

ಸ್ಪೀಕರು ಅದುರಬಾರದೆಂದು ಅದನ್ನು ಕತ್ತರಿಸಿ ಬಾಗಿಲುಗಳೊಳಗೆ ತುರುಕಿದ್ದೆ. ಕೆಳಗೆ. ಕಾಲಿರುವ ಕಡೆ.

ಅಜ್ಜಿಯ ಪಕ್ಕದ ಬಾಗಿಲಿನ ಒಳಹಲಗೆ ಬಿಚ್ಚಿದೆ. ಸ್ಪೀಕರಿನ ಹಿಂದಿನಿಂದ ಅಂಗೈಯಗಲದ ತುಂಡು ಬಂತು. ಬೆಳಕಿಗೆ ಓರೆಯಾಗಿ ಹಿಡಿದರೆ ಒಂಬತ್ತು ಉಬ್ಬು ಚುಕ್ಕೆ. ಅಜ್ಜಿಯ ಚಪ್ಪಲಿಗೂ ಅದಿದ್ದ ಜಾಗಕ್ಕೂ ಒಂದು ಗೇಣು.

ಕೆಂಡ ತುಳಿದವಳಂತೆ ಕಾಲೆಳೆದುಕೊಂಡು ಅಜ್ಜಿ ಕೆಳಗಿಳಿದಳು. ತುಂಡನ್ನು ನನ್ನ ಕೈಯಿಂದ ತೆಗೆದು ಹಣೆಗೊತ್ತಿಕೊಂಡಳು.

"ತೀರಿಹೋದ ದೊಡ್ಡ ಗುರುಗಳು ಇಟ್ಟದ್ದು ಇದು. ಲಾರಿ ಗುದ್ದಿ ಈ ಕಾರು ಕಾಲುವೆಗೆ ಬಿದ್ದಾಗ ಒಳಗಿದ್ದ ಮೂರು ಜನಾನೂ ಎದ್ದು ಬಂದ್ವಿ. ನೀನು ಇದನ್ನ ಕಾಲ ಬುಡಕ್ಕೆ ತುರುಕಿದೀಯ."

"ತಪ್ಪಾಯ್ತು ಅಜ್ಜಿ. ಈಗ್ಲೇ ಮೇಲೆ ಅಂಟಿಸ್ತೀನಿ. ನಮ್ಮ ಗುಡಿ ಗುರುಗಳನ್ನ ಕರ್ಕೊಂಡ್ ಬರ್ತೀನಿ, ಸಂಜೆಯೊಳಗೆ ಹೊಸ ಬೊಟ್ಟು ಇಡಿಸ್ತೀನಿ."

"ಸ್ಪೀಕರ್ ಬದಲಾಯಿಸ್ದಂಗೆ ಇದನ್ನೂ ಬದಲಾಯಿಸ್ತೀಯೇನು?"

"ಅಮ್ಮಾ, ನಿನ್ನ ಕಣ್ಣು..." ಒರತಾಯ್ ಬಾಗಿಲು ತೆರೆದು ಹಿಡಿದೇ ಇದ್ದಳು.

"ಹೋದ್ರೆ ಹೋಗ್ಲಿ. ಈ ಕಾರು ನಾನು ಹತ್ತಲ್ಲ."